ಕಾರ್ಡಿನಲ್ಲಿ ಬರೆಯದ ಆರನೇ ಗ್ಯಾರಂಟಿ

ಮಾನ್ಯ ಮಲ್ಲಿಕಾರ್ಜುನ ಖರ್ಗೆಯವರಿಗೆ,
ಅಧ್ಯಕ್ಷರು, ಅಖಿಲ ಭಾರತ ಕಾಂಗ್ರೆಸ್ ಸಮಿತಿ

ನಮಸ್ಕಾರ.

ನಾನು ಹಾವೇರಿ ಜಿಲ್ಲೆಯವನು. ಹೈಸ್ಕೂಲ್ ಮೇಷ್ಟ್ರಾಗಿದ್ದೆ, ನಿವೃತ್ತನಾಗಿ ಎಂಟು ವರ್ಷವಾಯಿತು. ಈಗ ನಾಲ್ಕು ಎಕರೆಯಲ್ಲಿ ಗೋವಿನಜೋಳ ಬೆಳೆಯುತ್ತೇನೆ. ಯಾವ ಪಕ್ಷದ ಸದಸ್ಯನೂ ಅಲ್ಲ, ಯಾವ ಬಣದವನೂ ಅಲ್ಲ. 2023ರಲ್ಲಿ ಕೈಗೆ ಮತ ಹಾಕಿದ್ದೆ. ಅದಕ್ಕೆ ಹಿಂದೆ ಒಂದೆರಡು ಸಲ ಬೇರೆಯವರಿಗೂ ಹಾಕಿದ್ದೇನೆ. ಮುಚ್ಚಿಡುವಂಥದ್ದೇನಿಲ್ಲ.

ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಕಾರ್ಡ್ ಇದೆ. ಆ ಚುನಾವಣೆಗೆ ಮುಂಚೆ ನಿಮ್ಮ ಕಾರ್ಯಕರ್ತರು ಮನೆಮನೆಗೆ ಕೊಟ್ಟ ಗ್ಯಾರಂಟಿ ಕಾರ್ಡ್. ನನ್ನ ಹೆಂಡತಿ ಅದನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದಾಳೆ. ಅದರಲ್ಲಿ ಎರಡು ಸಹಿ ಇವೆ. ಒಂದು ಸಿದ್ದರಾಮಯ್ಯನವರದು, ಇನ್ನೊಂದು ಡಿ.ಕೆ. ಶಿವಕುಮಾರ್ ಅವರದು. ಇಬ್ಬರೂ ಸೇರಿ ನಮಗೆ ಬರೆದುಕೊಟ್ಟದ್ದು. ಕರೆಂಟು, ಅಕ್ಕಿ, ಎರಡು ಸಾವಿರ ರೂಪಾಯಿ, ನಿರುದ್ಯೋಗಿ ಹುಡುಗರಿಗೆ ಭತ್ಯೆ, ಹೆಂಗಸರಿಗೆ ಬಸ್ಸು. ಒಟ್ಟು ಐದು.

ಆರನೆಯದೊಂದು ಇತ್ತಂತೆ. ಅದನ್ನು ಗೆದ್ದ ಮೇಲೆ, ಬಾಗಿಲು ಹಾಕಿಕೊಂಡು ಕೊಟ್ಟರಂತೆ. ಅದು ನಮಗಲ್ಲ, ಆ ಇಬ್ಬರಲ್ಲಿ ಒಬ್ಬರಿಗೆ. ಮುಖ್ಯಮಂತ್ರಿ ಕುರ್ಚಿಯಲ್ಲಿ ಎರಡೂವರೆ ವರ್ಷ ಅವರು, ಎರಡೂವರೆ ವರ್ಷ ಇವರು. ಇತ್ತು ಅಂತ ಒಂದು ಕಡೆಯವರು, ಇರಲೇ ಇಲ್ಲ ಅಂತ ಇನ್ನೊಂದು ಕಡೆಯವರು. ಈ ಪತ್ರ ಅದರ ಬಗ್ಗೆ.

ಅವರಿಬ್ಬರಿಗೆ ಬರೆಯದೆ ನಿಮಗೇ ಯಾಕೆ ಬರೆಯುತ್ತಿದ್ದೇನೆ ಅಂತ ಮೊದಲು ಹೇಳಿಬಿಡುತ್ತೇನೆ.

2023ರ ಮೇ 13ರಂದು ಫಲಿತಾಂಶ ಬಂತು. 224ರಲ್ಲಿ ನಿಮಗೆ 135. ಮರುದಿನ ಸಂಜೆ ಬೆಂಗಳೂರಿನ ಹೋಟೆಲ್ಲಿನಲ್ಲಿ ಶಾಸಕಾಂಗ ಪಕ್ಷದ ಸಭೆ ಸೇರಿತು. ದೆಹಲಿಯಿಂದ ಮೂವರು ವೀಕ್ಷಕರು ಬಂದಿದ್ದರು. ಒಬ್ಬೊಬ್ಬ ಶಾಸಕರ ಅಭಿಪ್ರಾಯ ಕೇಳಿಕೊಂಡು ಹೋದರು. ಯಾರಿಗೆ ಎಷ್ಟು ಬೆಂಬಲ ಬಂತು ಅಂತ ಬಹಿರಂಗ ಮಾಡಲಿಲ್ಲ. ಆ ಸಭೆ ಒಂದು ಸಾಲಿನ ಠರಾವು ಪಾಸು ಮಾಡಿತು. ನಾಯಕ ಯಾರಾಗಬೇಕು ಅನ್ನುವುದನ್ನು ಎಐಸಿಸಿ ಅಧ್ಯಕ್ಷರು ತೀರ್ಮಾನಿಸಲಿ ಅಂತ. ಆ ಎಐಸಿಸಿ ಅಧ್ಯಕ್ಷರು ಬೇರೆ ಯಾರೋ ಅಲ್ಲ, ನೀವೇ.

ಆಮೇಲೆ ನಾಲ್ಕು ದಿನ ನಾವೆಲ್ಲ ಟಿವಿ ಮುಂದೆ ಕೂತಿದ್ದೆವು. ಯಾರ ವಿಮಾನ ಹೊರಟಿತು, ಯಾರ ಕಾರು ಯಾರ ಮನೆಯ ಗೇಟಿನಲ್ಲಿ ನಿಂತಿತು, ಯಾರ ಮುಖ ಬಾಡಿತ್ತು, ಎಲ್ಲಾ ನೋಡಿದೆವು. ಮೇ 18ಕ್ಕೆ ಘೋಷಣೆ ಆಯಿತು. ಸಿದ್ದರಾಮಯ್ಯ ಮುಖ್ಯಮಂತ್ರಿ, ಶಿವಕುಮಾರ್ ಒಬ್ಬರೇ ಉಪಮುಖ್ಯಮಂತ್ರಿ, ಲೋಕಸಭೆ ಚುನಾವಣೆ ಮುಗಿಯುವ ತನಕ ಅವರೇ ಕೆಪಿಸಿಸಿ, ಅಂದರೆ ರಾಜ್ಯ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರು. ಅಧಿಕಾರ ಹಂಚಿಕೆ ಸೂತ್ರ ಏನು ಅಂತ ಪತ್ರಕರ್ತರು ಕೇಳಿದರು. ಕರ್ನಾಟಕದ ಜನರ ಜೊತೆ ಅಧಿಕಾರ ಹಂಚಿಕೊಳ್ಳುವುದೇ ನಮ್ಮ ಸೂತ್ರ ಅಂತ ನಿಮ್ಮ ಪ್ರಧಾನ ಕಾರ್ಯದರ್ಶಿ ವೇಣುಗೋಪಾಲ್ ಅವರು ಉತ್ತರ ಕೊಟ್ಟರು. ಚಪ್ಪಾಳೆ ಗಿಟ್ಟಿಸುವ ಮಾತು. ನನಗೂ ಆವತ್ತು ಇಷ್ಟವಾಗಿತ್ತು.

ಈಗ 2025ರ ಡಿಸೆಂಬರ್ ಕೊನೆ. ಲೋಕಸಭೆ ಚುನಾವಣೆ ಮುಗಿದು ಒಂದೂವರೆ ವರ್ಷ ದಾಟಿತು. ಕೆಪಿಸಿಸಿ ಅಧ್ಯಕ್ಷರು ಬದಲಾಗಿಲ್ಲ. ನೀವು ಎಲ್ಲರ ಮುಂದೆ ಹೇಳಿದ ಮಾತಿನ ಗತಿಯೇ ಹೀಗಿರುವಾಗ ಒಳಗೆ ಹೇಳಿದ್ದರ ಗತಿ ಏನಾಗಿರಬಹುದು ಅಂತ ನಾವು ಊಹಿಸಬೇಕಾಗಿದೆ.

ಜೂನ್ ಕೊನೆಯಲ್ಲಿ ನಾಯಕತ್ವದ ಬಗ್ಗೆ ಕೇಳಿದಾಗ, ಅದು ಹೈಕಮಾಂಡ್ ಕೈಯಲ್ಲಿದೆ, ಹೈಕಮಾಂಡಿನಲ್ಲಿ ಏನು ನಡೆಯುತ್ತಿದೆ ಅಂತ ಇಲ್ಲಿ ಯಾರೂ ಹೇಳಲಾಗದು ಅಂದಿರಿ. ನಮ್ಮೂರ ಚಹಾದಂಗಡಿಯಲ್ಲಿ ಆವತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಷದ ಅಧ್ಯಕ್ಷರೇ ಹೈಕಮಾಂಡ್ ಅಲ್ಲದಿದ್ದರೆ ಇನ್ಯಾರು ಸ್ವಾಮಿ? ನವೆಂಬರಿನಲ್ಲಿ, ಹೈಕಮಾಂಡ್ ಅಂದರೆ ನಾನೊಬ್ಬನೇ ಅಲ್ಲ, ಅದೊಂದು ತಂಡ, ಎಲ್ಲರೂ ಕೂತು ಮಾತಾಡುತ್ತೇವೆ ಅಂದಿರಿ. ಮೊನ್ನೆ ಕಲಬುರಗಿಯಲ್ಲಿ, ಗೊಂದಲ ಇರುವುದು ಸ್ಥಳೀಯ ಮಟ್ಟದಲ್ಲಿ, ಹೈಕಮಾಂಡಿನಲ್ಲಿ ಗೊಂದಲವಿಲ್ಲ ಅಂದಿರಿ. ಇಲ್ಲಿಯವರು ನಿಮ್ಮ ಕಡೆ ಕೈ ತೋರಿಸುತ್ತಾರೆ, ನೀವು ಇಲ್ಲಿಯವರ ಕಡೆ. ನಡುವೆ ನಾವು ಸುಮ್ನೆ ಕತ್ತು ತಿರುಗಿಸುತ್ತಾ ಕೂತಿದ್ದೇವೆ.

ನವೆಂಬರ್ 25ರ ಸುಮಾರಿಗೆ ಶಿವಕುಮಾರ್ ಅವರು ಕನಕಪುರದಲ್ಲಿ ಒಂದು ಮಾತು ಹೇಳಿದರು. ಇದು ನಮ್ಮ ಐದಾರು ಜನರ ನಡುವಿನ ಗುಟ್ಟಿನ ವಿಷಯ, ಬಹಿರಂಗವಾಗಿ ಮಾತಾಡುವುದಿಲ್ಲ ಅಂತ. ನಾನು ತಡೆದು ನಿಂತಿದ್ದು ಅಲ್ಲೇ. ಇತ್ತ ಬೆಳಗಾವಿ ಅಧಿವೇಶನದ ಕೊನೆಯಲ್ಲಿ ಮುಖ್ಯಮಂತ್ರಿಗಳು ಸದನದಲ್ಲೇ ಎದ್ದು ನಿಂತು, ಎರಡೂವರೆ ವರ್ಷ ಅಂತ ಯಾವ ತೀರ್ಮಾನವೂ ಆಗಿಲ್ಲ ಅಂದರು. ಒಬ್ಬರ ಪ್ರಕಾರ ಗುಟ್ಟಿನ ಮಾತೊಂದು ಇದೆ. ಇನ್ನೊಬ್ಬರ ಪ್ರಕಾರ ಅಂಥದ್ದೇನೂ ಇಲ್ಲ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಆ ಐದಾರು ಜನರಲ್ಲಿ ನೀವಿಲ್ಲ ಅಂತ ನಂಬುವುದು ನನಗೆ ಕಷ್ಟ.

ಇದು ಪಕ್ಷದ ಆಂತರಿಕ ವಿಚಾರ ಅಂತ ನಿಮ್ಮವರು ಹೇಳುತ್ತಾರೆ. ಕೆಪಿಸಿಸಿ ಅಧ್ಯಕ್ಷ ಯಾರು, ಬ್ಲಾಕ್ ಅಧ್ಯಕ್ಷ ಯಾರು, ಅದು ಆಂತರಿಕ ವಿಚಾರ. ಒಪ್ಪುತ್ತೇನೆ. ರಾಜ್ಯದ ಮುಖ್ಯಮಂತ್ರಿಯ ಅವಧಿ ಎಷ್ಟು ಅನ್ನುವುದು ಹೇಗೆ ಆಂತರಿಕವಾಗುತ್ತದೆ?

ನಮ್ಮ ಕಡೆ ಹೊಲವನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ ಕೊಡುವ ಪದ್ಧತಿ ಇದೆ. ನಿಮಗೆ ಗೊತ್ತಿರುತ್ತದೆ. ಕಾಗದ ಪತ್ರ ಇರುವುದಿಲ್ಲ, ಬಾಯಿ ಮಾತೇ. ಆದರೆ ಆ ಮಾತನ್ನು ನಾಲ್ಕು ಜನರ ಮುಂದೆ ಆಡುತ್ತೇವೆ. ಬೀಜ ಯಾರದು, ಗೊಬ್ಬರ ಯಾರದು, ಎಷ್ಟು ವರ್ಷ, ರಾಶಿಯಲ್ಲಿ ಪಾಲೆಷ್ಟು. ನಾಳೆ ತಕರಾರು ಬಂದರೆ ಆ ನಾಲ್ಕು ಜನ ಸಾಕ್ಷಿ. ಈಗ ಯೋಚನೆ ಮಾಡಿ. ಹೊಲದ ಮಾಲೀಕ ಐದು ವರ್ಷಕ್ಕೆ ಅಂತ ಹೊಲ ಕೊಟ್ಟಿದ್ದಾನೆ. ಕೋರಿಗೆ ಹಿಡಿದ ಇಬ್ಬರು ಅವನಿಗೆ ಗೊತ್ತಿಲ್ಲದ ಹಾಗೆ ತಮ್ಮೊಳಗೇ ಹಂಗಾಮು ಹಂಚಿಕೊಂಡಿದ್ದಾರೆ. ಆಮೇಲೆ ಅವನ ಹೊಲದಲ್ಲೇ ನಿಂತು, ನೀನು ಕೊಟ್ಟ ಮಾತು, ಕೊಡದ ಮಾತು ಅಂತ ಜಗಳ ಮಾಡುತ್ತಿದ್ದಾರೆ. ಮಾಲೀಕ ಏನಪ್ಪಾ ಅಂತ ಕೇಳಿದರೆ, ಅದು ನಮ್ಮ ಆಂತರಿಕ ವಿಚಾರ ಅನ್ನುತ್ತಾರೆ. ಹೊಲದಲ್ಲಿ ಕಳೆ ಎದ್ದು ನಿಂತಿದೆ.

ಕಳೆಯ ವಿಷಯಕ್ಕೆ ಬಂದೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಿಮಗೆ ದೆಹಲಿಯಲ್ಲಿ ಇದು ಕಾಣಿಸುವುದಿಲ್ಲ.

ಈ ನವೆಂಬರಿನಲ್ಲಿ ಗೋವಿನಜೋಳದ ಬೆಲೆ ಕುಸಿಯಿತು. ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಮಾರುಕಟ್ಟೆಯಲ್ಲಿ 1,600ರಿಂದ 1,800. ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತರು. ಅದಕ್ಕೂ ಮುಂಚೆ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ಕೇಳಿಕೊಂಡು ದಿನಗಟ್ಟಲೆ ರಸ್ತೆಯಲ್ಲಿ ಕೂತಿದ್ದರು. ಕೊನೆಗೆ 3,300ಕ್ಕೆ ಇತ್ಯರ್ಥ ಆಯಿತು. ಜೋಳದ ವಿಷಯದಲ್ಲಿ ಮುಖ್ಯಮಂತ್ರಿಗಳು ಪ್ರಧಾನಿಗೆ ಪತ್ರ ಬರೆದರು. ತಪ್ಪು ಒಬ್ಬರದೇ ಅಂತ ನಾನು ಹೇಳುವುದಿಲ್ಲ. ಬೆಂಬಲ ಬೆಲೆ ಘೋಷಿಸಿ ಖರೀದಿ ಮಾಡದ ಕೇಂದ್ರಕ್ಕೂ ಕೇಳಬೇಕಾದ್ದು ಬಹಳ ಇದೆ, ಅದು ಬೇರೆ ಪತ್ರ. ಆದರೆ ಅದೇ ದಿನಗಳಲ್ಲಿ ನಿಮ್ಮ ಶಾಸಕರು ಗುಂಪುಗುಂಪಾಗಿ ದೆಹಲಿ ವಿಮಾನ ಹತ್ತುತ್ತಿದ್ದರು. ನವೆಂಬರ್ 20ಕ್ಕೆ ಸರ್ಕಾರಕ್ಕೆ ಎರಡೂವರೆ ವರ್ಷ ತುಂಬಿತ್ತಲ್ಲ, ಅದಕ್ಕೆ. ಜೋಳದ ಚೀಲ ಅಂಗಳದಲ್ಲಿ ಒಣಗುತ್ತಿತ್ತು. ಟಿವಿಯಲ್ಲಿ ಯಾವ ಶಾಸಕರು ನಿಮ್ಮ ಮನೆಗೆ ಬಂದರು ಅಂತ ತೋರಿಸುತ್ತಿದ್ದರು. ಖರೀದಿ ಕೇಂದ್ರ ಎಲ್ಲಿ ತೆರೆಯುತ್ತಾರೆ, ಒಬ್ಬ ರೈತನಿಂದ ಎಷ್ಟು ಕ್ವಿಂಟಲ್ ತಗೊಳ್ತಾರೆ ಅಂತ ಒಂದು ಸ್ಕ್ರೋಲ್ ಆದರೂ ಬರುತ್ತದೇನೋ ಅಂತ ನಾನು ಕಾದೆ. ಬ್ರೇಕ್‌ಫಾಸ್ಟ್ ಬಂತು.

ಮೊದಲು ಮುಖ್ಯಮಂತ್ರಿಗಳ ಕಾವೇರಿ ನಿವಾಸದಲ್ಲಿ ಇಡ್ಲಿ, ಉಪ್ಪಿಟ್ಟು. ಮೂರು ದಿನ ಬಿಟ್ಟು ಸದಾಶಿವನಗರದ ಶಿವಕುಮಾರ್ ಅವರ ಮನೆಯಲ್ಲಿ ಇಡ್ಲಿ, ನಾಟಿ ಕೋಳಿ. ಇಬ್ಬರು ದೊಡ್ಡವರು ಕೂತು ತಿಂಡಿ ತಿಂದರೆ ನನಗೇನೂ ಬೇಜಾರಿಲ್ಲ, ತಿನ್ನಲಿ. ತಿಂಡಿಯ ಪಟ್ಟಿಯೇ ರಾಜ್ಯದ ಸುದ್ದಿಯಾಯಿತಲ್ಲ ಅಂತ ಬೇಜಾರು. ಅದೇ ವಾರ ಕೊಟ್ಟ ಮಾತಿಗೆ ಎಷ್ಟು ಶಕ್ತಿ ಇದೆ ಅಂತ ಇಬ್ಬರೂ ಎಕ್ಸ್‌ನಲ್ಲಿ ಇಂಗ್ಲಿಷಿನಲ್ಲಿ ಒಗಟು ಹಾಕಿಕೊಂಡರು. ನಮಗೆ ಕೊಟ್ಟ ಮಾತನ್ನಾದರೂ ಕನ್ನಡದಲ್ಲಿ ಬರೆದಿದ್ದರು, ಪುಣ್ಯ.

ಆ ಕನ್ನಡದ ಮಾತಿನ ಕಥೆಯನ್ನೂ ಕೇಳಿ. ಫೆಬ್ರವರಿ, ಮಾರ್ಚ್ ತಿಂಗಳ ಗೃಹಲಕ್ಷ್ಮಿ ಹಣ ಬಂದಿಲ್ಲ ಅಂತ ನನ್ನ ಹೆಂಡತಿ ಬೇಸಿಗೆಯಿಂದಲೇ ಹೇಳುತ್ತಿದ್ದಳು. ಪಾಸ್‌ಬುಕ್ ಎಂಟ್ರಿ ಮಾಡಿಸಿ ಮಾಡಿಸಿ ಸುಸ್ತಾದಳು. ನಾನು, ನಿನ್ನ ಲೆಕ್ಕವೇ ತಪ್ಪಿರಬೇಕು ಅಂತ ಅವಳಿಗೇ ಬೈದಿದ್ದೆ. ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಸಚಿವರೇ ಆ ಎರಡು ತಿಂಗಳ ಹಣ ಹೋಗಿಲ್ಲ ಅಂತ ಒಪ್ಪಿಕೊಂಡು ವಿಷಾದ ವ್ಯಕ್ತಪಡಿಸಿದರು. ಆವತ್ತು ರಾತ್ರಿ ನಮ್ಮ ಮನೆಯಲ್ಲಿ ನಾನು ತಲೆ ತಗ್ಗಿಸಬೇಕಾಯಿತು. ಹತ್ತು ತಿಂಗಳ ಹಿಂದಿನ ಕಂತು ತಪ್ಪಿದ್ದು ಸರ್ಕಾರದ ಗಮನಕ್ಕೆ ಬರಲಿಲ್ಲ ಅಂದರೆ ಗಮನ ಎಲ್ಲಿತ್ತು?

ಕೆಳಗಿನ ಹಂತದಲ್ಲಿ ಏನಾಗುತ್ತದೆ ಅಂತ ಇನ್ನೊಂದು ಹೇಳಿಬಿಡುತ್ತೇನೆ. ನಮ್ಮ ಹೊಲದ ಪೋಡಿ (ಅಳತೆ ಮಾಡಿ ಭಾಗ ಬೇರೆ ಮಾಡುವ) ಕೆಲಸಕ್ಕೆ ಒಂದು ಕಚೇರಿಗೆ ಅಲೆಯುತ್ತಿದ್ದೇನೆ. ಯಾವ ಕಚೇರಿ ಅಂತ ಹೇಳುವುದಿಲ್ಲ, ಅಲ್ಲಿಯವರ ಮೇಲೆ ನನಗೆ ಸಿಟ್ಟಿಲ್ಲ. ಅಕ್ಟೋಬರಿನಲ್ಲಿ ಹೋದಾಗ, ನವೆಂಬರ್ ಕಳೀಲಿ ಮೇಷ್ಟ್ರೇ ಅಂದರು. ನವೆಂಬರ್ ಕಳೆಯಿತು. ಅಧಿವೇಶನ ಮುಗೀಲಿ ಅಂದರು. ಅದೂ ಮುಗಿಯಿತು. ಈಗ ಸಂಕ್ರಾಂತಿ ಅನ್ನುತ್ತಿದ್ದಾರೆ. ಮೇಲಿನವರು ಬದಲಾದರೆ ಉಸ್ತುವಾರಿ ಮಂತ್ರಿ ಬದಲು, ಅವರು ಬದಲಾದರೆ ಸಾಹೇಬರು ಬದಲು, ಬದಲಾಗುವ ಸಾಹೇಬರು ಸಹಿ ಯಾಕೆ ಮಾಡಬೇಕು? ಇದು ಅವರ ಲೆಕ್ಕ. ಮುಖ್ಯಮಂತ್ರಿ ಬದಲಾವಣೆಗೆ ಸೆಪ್ಟೆಂಬರ್ ಕ್ರಾಂತಿ ಅಂದರು, ನವೆಂಬರ್ ಕ್ರಾಂತಿ ಅಂದರು, ಈಗ ಸಂಕ್ರಾಂತಿಗೆ ಬಂದು ನಿಂತಿದೆ. ನಿಮ್ಮ ಶಾಸಕರೊಬ್ಬರು ಜನವರಿ 6 ಅಂತ ದಿನಾಂಕವನ್ನೇ ಕೊಟ್ಟಿದ್ದಾರೆ. ಅತಿ ಹೆಚ್ಚು ದಿನ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸು ಅವರ ದಾಖಲೆ ಮುರಿಯಲು ಮುಖ್ಯಮಂತ್ರಿಗಳಿಗೆ ಬೇಕಾದ ದಿನಗಳನ್ನು ಇನ್ನೊಂದು ಕಡೆಯವರು ಎಣಿಸುತ್ತಿದ್ದಾರೆ. ಇಬ್ಬರ ಬಣಕ್ಕೂ ಕ್ಯಾಲೆಂಡರ್ ಇದೆ. ನನ್ನ ಪೋಡಿಗೆ ಇಲ್ಲ.

ಇನ್ನೊಂದು ಇದೆ, ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಮ್ಮ ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗಳಿಗೆ ಕೊನೆಯ ಸಲ ಚುನಾವಣೆ ಆಗಿದ್ದು 2016ರಲ್ಲಿ. ಅವಧಿ ಮುಗಿದದ್ದು 2021ರಲ್ಲಿ. ಹಿಂದಿನ ಬಿಜೆಪಿ ಸರ್ಕಾರವೂ ಮಾಡಲಿಲ್ಲ, ನೀವೂ ಮಾಡಿಲ್ಲ. ಬೆಂಗಳೂರಿನಲ್ಲಿ ಒಂದು ಕುರ್ಚಿಗೆ ಇಬ್ಬರು ಜೋತು ಬಿದ್ದಿದ್ದಾರೆ. ನಮ್ಮಲ್ಲಿ ಜಿಲ್ಲೆಗಟ್ಟಲೆ ಕುರ್ಚಿಗಳು ಧೂಳು ಹಿಡಿಯುತ್ತಿವೆ. ನಾಲೆ ಒಡೆದರೆ, ಶಾಲೆಯ ಮಾಳಿಗೆ ಸೋರಿದರೆ ನಾವು ಹೋಗಿ ಕೇಳುತ್ತಿದ್ದ ಸದಸ್ಯನೇ ಇಲ್ಲ. ಮುಂದಿನ ನಾಯಕರು ಹುಟ್ಟುವ ಜಾಗವನ್ನೇ ಮುಚ್ಚಿಟ್ಟರೆ ಇದ್ದ ಇಬ್ಬರ ನಡುವೆಯೇ ಜಗಳ ಆಗುತ್ತದೆ, ಅಲ್ವಾ?

ಖರ್ಗೆಯವರೇ, ಈ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1989ರಲ್ಲಿ ನಿಮ್ಮ ಪಕ್ಷ ಇಲ್ಲಿ 178 ಸೀಟು ಗೆದ್ದಿತ್ತು. ಅಷ್ಟು ದೊಡ್ಡ ಗೆಲುವು. ಐದು ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳು. ಕಾಯಿಲೆಯಲ್ಲಿದ್ದ ವೀರೇಂದ್ರ ಪಾಟೀಲರನ್ನು ಬದಲಿಸುವ ತೀರ್ಮಾನ ವಿಮಾನ ನಿಲ್ದಾಣದಲ್ಲಿ ಹೊರಬಿತ್ತು. ಆಮೇಲೆ ಬಂಗಾರಪ್ಪ, ಆಮೇಲೆ ಮೊಯಿಲಿ. ಆ ದಿನಗಳಲ್ಲಿ ನೀವೇ ಮಂತ್ರಿಯಾಗಿದ್ದಿರಿ. 1994ರಲ್ಲಿ ಉಳಿದದ್ದು 34. ಬಿಜೆಪಿಯವರೂ ಇದೇ ಪಾಠ ಓದಿದರು. 2008ರಲ್ಲಿ 110, ಆಮೇಲೆ ಯಡಿಯೂರಪ್ಪ, ಸದಾನಂದಗೌಡ, ಶೆಟ್ಟರ್, 2013ರಲ್ಲಿ 40. ಹಾಗಂತ ಒಬ್ಬರೇ ಇದ್ದರೆ ಗೆಲ್ಲುತ್ತಾರೆ ಅಂತ ಅಲ್ಲ. ಎಸ್.ಎಂ. ಕೃಷ್ಣ ಹೆಚ್ಚುಕಡಿಮೆ ಪೂರ್ತಿ ಅವಧಿ ಇದ್ದರು, 132ರಿಂದ 65ಕ್ಕೆ ಇಳಿದರು. ಸಿದ್ದರಾಮಯ್ಯ 2013ರಿಂದ ಐದು ವರ್ಷ ಪೂರೈಸಿದರು, 122ರಿಂದ 80. ಈ ರಾಜ್ಯದಲ್ಲಿ 1985ರ ನಂತರ ಆಡಳಿತ ಪಕ್ಷ ಮತ್ತೆ ಬಹುಮತ ಪಡೆದದ್ದೇ ಇಲ್ಲ. ಆದರೆ 65ಕ್ಕೂ 34ಕ್ಕೂ ವ್ಯತ್ಯಾಸ ಇದೆ. ಮೊದಲನೆಯದರಲ್ಲಿ ಜನ ಸಾಕು ಅಂದಿರುತ್ತಾರೆ. ಎರಡನೆಯದರಲ್ಲಿ ಥೂ ಅಂದಿರುತ್ತಾರೆ.

ರಾಜಸ್ಥಾನದ ಗೆಹ್ಲೋಟ್-ಪೈಲಟ್ ಕಥೆ, ಪಂಜಾಬಿನ ಕಥೆ ಇಲ್ಲಿ ತರುವುದಿಲ್ಲ. ಛತ್ತೀಸ್‌ಗಢದ್ದು ಮಾತ್ರ ಹೇಳುತ್ತೇನೆ, ಅಲ್ಲಿಯೂ ಇದೇ ಎರಡೂವರೆ ವರ್ಷದ ಸುದ್ದಿ ಇತ್ತು. ಮುಖ್ಯಮಂತ್ರಿ ಪಟ್ಟಕ್ಕೆ ಕಾದಿದ್ದ ಸಿಂಗ್ ದೇವ್ ಅವರನ್ನು ಕಾಯಿಸಿ ಕಾಯಿಸಿ, ಚುನಾವಣೆಗೆ ಕೆಲವೇ ತಿಂಗಳಿರುವಾಗ ಉಪಮುಖ್ಯಮಂತ್ರಿ ಮಾಡಿದಿರಿ. ಪಕ್ಷವೂ ಸೋತಿತು, ಅವರೂ 94 ಮತದಿಂದ ಸೋತರು.

ನನಗೆ ಹೆಚ್ಚು ಪಾಠ ಕಾಣುವುದು ನಮ್ಮದೇ 2006ರಲ್ಲಿ. ಕುಮಾರಸ್ವಾಮಿ ಮತ್ತು ಯಡಿಯೂರಪ್ಪ ಅವರ ಟ್ವೆಂಟಿ-ಟ್ವೆಂಟಿ. ಅದನ್ನು ಯಾರೂ ಹೊಗಳುವುದಿಲ್ಲ, ನಾನೂ ಹೊಗಳುವುದಿಲ್ಲ. ಆದರೆ ಅದರಲ್ಲಿ ಒಂದು ಒಳ್ಳೆಯದಿತ್ತು. ಇಪ್ಪತ್ತು ತಿಂಗಳು ಇವರು, ಇಪ್ಪತ್ತು ತಿಂಗಳು ಅವರು ಅಂತ ರಾಜ್ಯದ ದನ ಕಾಯುವ ಹುಡುಗನಿಗೂ ಗೊತ್ತಿತ್ತು. ಹಾಗಾಗಿ 2007ರಲ್ಲಿ ಮಾತು ಮುರಿದಾಗ ಮುರಿದವರು ಯಾರು ಅಂತ ಎಲ್ಲರಿಗೂ ಗೊತ್ತಾಯಿತು. 2008ರಲ್ಲಿ ಜನ ತೀರ್ಪು ಕೊಟ್ಟರು. 58 ಇದ್ದ ಜೆಡಿಎಸ್ 28ಕ್ಕೆ ಬಂತು. ಮಾತು ಎಲ್ಲರಿಗೂ ಗೊತ್ತಿದ್ದರೆ ಮತದಾರ ಪಂಚನಾಗಬಹುದು. ಗುಟ್ಟಾಗಿದ್ದರೆ ಅವನು ಬರೀ ಪ್ರೇಕ್ಷಕ. ಶಿವಕುಮಾರ್ ಅವರಿಗೆ ನಿಜಕ್ಕೂ ಮಾತು ಕೊಟ್ಟಿದ್ದರೆ, ಅದನ್ನು ತಪ್ಪಿಸುವುದು ಅವರಿಗೆ ಮಾಡುವ ಅನ್ಯಾಯ. ಕೊಟ್ಟೇ ಇಲ್ಲದಿದ್ದರೆ, ದಿನಾ ಇಳಿಸುವ ಸುದ್ದಿ ಹಬ್ಬಿಸುವುದು ಸಿದ್ದರಾಮಯ್ಯನವರಿಗೆ ಮಾಡುವ ಅನ್ಯಾಯ. ಯಾರಿಗೆ ಅನ್ಯಾಯ ಆಗುತ್ತಿದೆ ಅಂತ ಹೇಳಲು ನನ್ನ ಹತ್ತಿರ ದಾರಿಯಿಲ್ಲ. ನಿಮ್ಮ ಹತ್ತಿರ ಇದೆ.

ಈ ಗುಟ್ಟಿನಿಂದ ಊರಿನೊಳಗೆ ಆಗುತ್ತಿರುವುದನ್ನು ಬರೆಯಲು ಮುಜುಗರವಾಗುತ್ತದೆ. ಮೊದಲು ಚಹಾದಂಗಡಿಯಲ್ಲಿ ಕಾಂಗ್ರೆಸ್, ಬಿಜೆಪಿ ಅಂತ ಜಗಳ ಆಗುತ್ತಿತ್ತು. ಈಗ ಆ ಜಾತಿ, ಈ ಜಾತಿ ಅಂತ ಆಗುತ್ತಿದೆ. ಸ್ವಾಮಿಗಳು ಮಾತಾಡಿದರು, ಜಾತಿ ಸಂಘಟನೆಗಳು ಎಚ್ಚರಿಕೆ ಕೊಟ್ಟವು. ನನ್ನ ಹಳೆಯ ಇಬ್ಬರು ವಿದ್ಯಾರ್ಥಿಗಳು, ಒಂದೇ ಬೆಂಚಿನಲ್ಲಿ ಕೂತವರು, ವಾಟ್ಸ್ಆ್ಯಪ್ ಗುಂಪಿನಲ್ಲಿ ಇದೇ ವಿಷಯಕ್ಕೆ ಬೈದಾಡಿಕೊಂಡು ಮಾತು ಬಿಟ್ಟಿದ್ದಾರೆ. ಒಬ್ಬನ ಹೊಲಕ್ಕೆ ಹೋಗುವ ದಾರಿ ಇನ್ನೊಬ್ಬನ ಹೊಲದಲ್ಲಿದೆ.

ನಿಮ್ಮ ಬಗ್ಗೆ ಒಂದು ಮಾತು, ತಪ್ಪು ತಿಳಿಯಬೇಡಿ. ಈ ಜುಲೈನಲ್ಲಿ ವಿಜಯಪುರದಲ್ಲಿ ನೀವು 1999ರ ಕಥೆ ಹೇಳಿದಿರಿ. ಐದು ವರ್ಷ ಪಕ್ಷಕ್ಕೆ ದುಡಿದದ್ದು ನೀವು, ನಾಲ್ಕು ತಿಂಗಳ ಹಿಂದೆ ಬಂದವರು ಮುಖ್ಯಮಂತ್ರಿಯಾದರು ಅಂತ. ನನಗೆ ಕೇಳಿ ಕಸಿವಿಸಿಯಾಯಿತು. ಒಂಬತ್ತು ಸಲ ವಿಧಾನಸಭೆ ಗೆದ್ದ ಮನುಷ್ಯ ಇಪ್ಪತ್ತಾರು ವರ್ಷ ಆ ನೋವು ಇಟ್ಟುಕೊಂಡಿದ್ದಾರೆ. ಈ ರಾಜ್ಯಕ್ಕೆ ಇವತ್ತಿನ ತನಕ ಒಬ್ಬ ದಲಿತ ಮುಖ್ಯಮಂತ್ರಿ ಆಗಿಲ್ಲ ಅನ್ನುವುದೂ ಆ ನೋವಿನೊಳಗೆ ಸೇರಿರಬಹುದು. ದುಡಿದವನಿಗೆ ಏನು ಸಿಗಬೇಕು, ದೆಹಲಿಯ ಬಾಗಿಲಲ್ಲಿ ಕಾಯುವುದು ಅಂದರೇನು, ಕೊನೆಗೆ ಬೇರೆಯವರ ಹೆಸರು ಕೇಳುವುದು ಅಂದರೇನು ಅಂತ ಆ ಇಬ್ಬರಿಗಿಂತ ಹೆಚ್ಚು ಅನುಭವಿಸಿದವರು ನೀವು. ಅಂಥವರ ಕೈಗೇ ಈಗ ಬಾಗಿಲ ಕೀಲಿ ಬಂದಿದೆ. ನೀವೂ ಕಾಯಿಸಿದರೆ ಹೇಗೆ?

ಯಾರು ಮುಖ್ಯಮಂತ್ರಿ ಆಗಬೇಕು ಅಂತ ನಾನು ಕೇಳುತ್ತಿಲ್ಲ. ಸಿದ್ದರಾಮಯ್ಯನವರೇ 2028ರ ತನಕ ಇರಲಿ ಅಂದರೂ ಸರಿ, ಶಿವಕುಮಾರ್ ಅವರು ಬರಲಿ ಅಂದರೂ ಸರಿ, ಇಬ್ಬರೂ ಬೇಡ ಅಂದರೂ ಅದು ನಿಮ್ಮ ಶಾಸಕರ ಇಷ್ಟ. 2023ರ ಮೇ ತಿಂಗಳಲ್ಲಿ ದೆಹಲಿಯ ಆ ಕೋಣೆಯಲ್ಲಿ ಯಾರು ಯಾರಿಗೆ ಏನು ಮಾತು ಕೊಟ್ಟರು, ಅಷ್ಟು ಹೇಳಿ. ಕೊಟ್ಟಿಲ್ಲದಿದ್ದರೆ ಕೊಟ್ಟಿಲ್ಲ ಅಂತ ಹೇಳಿ. ತಂಡದ ಪರವಾಗಿ ಬೇಡ, ಹೈಕಮಾಂಡ್ ಹೆಸರಿನಲ್ಲಿ ಬೇಡ. ನಿಮ್ಮ ಹೆಸರಿನಲ್ಲಿ, ಕನ್ನಡದಲ್ಲಿ, ಕಲಬುರಗಿಯಲ್ಲೋ ಬೆಂಗಳೂರಿನಲ್ಲೋ ಮೈಕಿನ ಮುಂದೆ ನಿಂತು. ಉದ್ದ ಭಾಷಣ ಬೇಕಾಗಿಲ್ಲ. ಶಾಸಕರು ನಿಮ್ಮ ಕೈಗೆ ಕೊಟ್ಟದ್ದು ಒಂದು ಸಾಲು. ನಮಗೂ ಒಂದು ಸಾಲು ಸಾಕು. ನನ್ನ ಹೆಂಡತಿ ಅದನ್ನು ಬರೆದು ಆ ಕಾರ್ಡಿನ ಜೊತೆಗೇ ಇಡುತ್ತಾಳೆ.

ಇಂತಿ,
ಹಾವೇರಿ ಜಿಲ್ಲೆಯ ಒಬ್ಬ ಮತದಾರ